ಎಮ್ಮೆಗಳು ಹಳ್ಳಕ್ಕಿಳಿಯುವ ಮೊದಲು

ಇಂದು ಬೆಳಗ್ಗೆ ಶೇಂಗಾ ಎಣ್ಣೆಯ ಡಬ್ಬಿ ತೊಳೆಯಲೆಂದು ತೆಂಗಿನ ನಾರಿಗೆ ಬೂದಿ ಹಚ್ಚಿದೆ. ನೆನೆದ ನಾರು, ಬೂದಿ, ಹಳಸಿದ ಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯುತ್ತಲೇ ಕೈ ನಿಂತಿತು. ಡಬ್ಬಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ, ಅಂಗಳದಲ್ಲಿ ಸುತ್ತಾಡಿದೆ, ಮತ್ತೆ ಕುಳಿತೆ, ಕುಳಿತಿರಲಾಗಲಿಲ್ಲ. ಪಕ್ಕದ ಮನೆಯ ಮಾಮಾ ನೆನಪಾಗಿದ್ದರು…

ಊರ ಹೊರಗೆ, ಅಂಕಲಿಯ ದಾರಿಯಲ್ಲಿದ್ದ ಎಣ್ಣೆ ಕಾರ್ಖಾನೆಯಲ್ಲಿ ಹೊಲಸು ನೀರು ಸೋಸುವ ಘಟಕವನ್ನು ಅವರು ನೋಡಿಕೊಳ್ಳುತ್ತಿದ್ದರು. ಯಂತ್ರ ತೊಳೆದ ಜಿಡ್ಡು ನೀರು ಅಲ್ಲಿ ಮೆಂಬ್ರೇನ್ ಎಂಬ ತೆಳು ಹಾಳೆಗಳನ್ನು ಹಾಯ್ದು ಬರಬೇಕಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಆ ಹಾಳೆ ನೀರನ್ನು ಬಿಟ್ಟುಕೊಟ್ಟು ಎಣ್ಣೆಯನ್ನು ತಡೆಯುತ್ತಿತ್ತು. ಸೋಸಿದ ನೀರು ಹಳ್ಳ ಸೇರುತ್ತಿತ್ತು. ಊರಿನ ಎಮ್ಮೆಗಳು ಕುಡಿಯುತ್ತಿದ್ದುದು ಅದೇ ಹಳ್ಳದ ನೀರನ್ನು.

ಹೀಗಾಗಿ ಒಂದು ರೂಢಿ ಬೆಳೆದಿತ್ತು. ಬೆಳಗ್ಗೆ ಮಾಮಾ ಹಳ್ಳಕ್ಕಿಳಿದು, ಬೊಗಸೆಯಲ್ಲಿ ನೀರು ಹಿಡಿದು, ಮೂಸಿ, ಬಾಯಿ ಮುಕ್ಕಳಿಸಿದ ಮೇಲೆಯೇ ಎಮ್ಮೆಗಳು ನೀರಿಗಿಳಿಯುತ್ತಿದ್ದವು. ಕೈಗೆ ಎಣ್ಣೆಯ ವಾಸನೆ ಹತ್ತಬಾರದೆಂದು ಅಲ್ಲಿಯವರೆಗೆ ಅವರು ತಲೆಗೂ ಎಣ್ಣೆ ಮುಟ್ಟಿಸುತ್ತಿರಲಿಲ್ಲ.

“ಮಾಮಾ, ಲಗೂ ಆಗ್ಲಿ! ಎಮ್ಮಿಗೆ ನೀರಡಿಸೈತಿ, ನೀ ಏನ್ ಅತ್ತರ ಖರೀದಿ ಮಾಡಾಕತ್ತೀ?” ಎಂದು ಒಬ್ಬ ದನಗಾಹಿ ದಿನವೂ ಕಾಡುತ್ತಿದ್ದ.

“ಎಮ್ಮಿ ತಡೀತೈತಿ, ನಿನಗ ದಮ್ಮಿಲ್ಲಲೇ!” ಎನ್ನುತ್ತಿದ್ದರು ಮಾಮಾ.

ಒಂದು ಸೋಯಾಬೀನ್ ಸುಗ್ಗಿಯಲ್ಲಿ ಹಾಳೆಗಳಿಗೆಲ್ಲ ಜಿಡ್ಡು ಕಟ್ಟಿತು. ನೀರು ಹನಿಹನಿಯಾಗಿ ಇಳಿಯತೊಡಗಿತು. ಹೊಲಸು ನೀರಿನ ತೊಟ್ಟಿ ತುಂಬಿ ತುಳುಕುವಂತಾಯಿತು. ಹಾಳೆಗಳನ್ನು ಔಷಧದ ನೀರಿನಲ್ಲಿ ನೆನೆಯಿಡಬೇಕಿತ್ತು. ಅಷ್ಟು ಹೊತ್ತು ಕಾರ್ಖಾನೆ ಕಾಯುವಂತಿರಲಿಲ್ಲ. ಸಂಜೆ ಮಾಮಾ ನಮ್ಮ ಕಟ್ಟೆಗೆ ಬಂದು ಹಿಗ್ಗಿನಿಂದ ಹೇಳಿದರು:

“ಮಾಸ್ತರ್ರ, ಮನ್ಯಾಗ ಎಣ್ಣಿ ಪಾತೇಲಿ ತಿಕ್ಕಿದಂಗ ನಾರಿಗೆ ಬೂದಿ ಹಚ್ಚಿ ಆ ಹಾಳಿ ತಿಕ್ಕಿ ಬಂದೇನ್ರಿ. ನೀರು ಹ್ಯಾಂಗ ಓಡಾಕತ್ತೈತಿ ಅಂತೀರಿ!”

ಮರುದಿನ ನಾನೂ ಹಳ್ಳದ ದಂಡೆಯಲ್ಲಿದ್ದೆ. ಮಾಮಾ ಬೊಗಸೆ ಎತ್ತಿದರು. ನೀರಿನ ಮೇಲೆ ನವಿಲುಗರಿಯ ಬಣ್ಣದ ಪದರವೊಂದು ಅಲುಗಾಡಿತು. ನಾರು ಹಾಳೆಗಳನ್ನೇ ಗೀರಿಬಿಟ್ಟಿತ್ತು. ಆ ಗೀರುಗಳಿಂದ ನೀರಿನೊಡನೆ ಎಣ್ಣೆಯೂ ಸರಾಗವಾಗಿ ಓಡಿಬಂದಿತ್ತು.

“ದನಾ ತಿರುಗಿಸ್ರೋ! ಯಾರೂ ಇಳಸಬ್ಯಾಡ್ರಿ! ತಪ್ಪ ನಂದೈತಿ!”

ಕೂಗುತ್ತಲೇ ಅವರು ಪಂಪ್ ನಿಲ್ಲಿಸಲು ಓಡಿದರು. ಹೊಸ ಹಾಳೆಗಳು ಬರುವವರೆಗೆ ಬಾವಿಯಿಂದ ಕೊಡ ಹೊತ್ತು ಒಂದೊಂದು ಕೊಟ್ಟಿಗೆಗೂ ನೀರು ಮುಟ್ಟಿಸಿದರು. ಆಮೇಲೆ ಕಾರ್ಖಾನೆಯವರು ಅವರನ್ನು ಗೇಟಿನ ಕಾವಲಿಗೆ ಹಾಕಿದರು. ಆದರೂ ಅವರ ಬೊಗಸೆಯನ್ನು ಕಾಣದೆ ಯಾರೂ ಎಮ್ಮೆ ಇಳಿಸಲಿಲ್ಲ. ಕೆಲಸ ಬಿಟ್ಟ ಮೇಲೂ ಬೆಳಗ್ಗೆ ಅವರು ಹಳ್ಳಕ್ಕೆ ಹೋಗುತ್ತಲೇ ಇದ್ದರು… ಈ ಮಳೆಗಾಲದಲ್ಲಿ ತೀರಿಕೊಳ್ಳುವವರೆಗೆ.

ಇಂದು ಡಬ್ಬಿಯನ್ನು ಅಲ್ಲಿಯೇ ಬಿಟ್ಟು ನಾನು ಹಳ್ಳಕ್ಕೆ ನಡೆದೆ. ಕಾಡುತ್ತಿದ್ದ ಆ ದನಗಾಹಿ, ಈಗ ತಲೆ ನರೆತವನು, ಎಮ್ಮೆಗಳನ್ನು ತಡೆದು ದಂಡೆಯಲ್ಲಿ ನಿಂತಿದ್ದ.

“ಮಾಸ್ತರ್ರ, ನೀವರ ನೋಡ್ರಿ. ಇಳಸ್ಲ್ಯಾ?”

ನೀರು ತಿಳಿಯಾಗಿಯೇ ಇತ್ತು. ಬೊಗಸೆ ತುಂಬಿಕೊಂಡು ಮೂಸಿದೆ. ಶೇಂಗಾ ಎಣ್ಣೆ, ಬೂದಿ, ನಾರು… ನೀರಿನದೋ, ನನ್ನ ಕೈಯದೋ ತಿಳಿಯಲಿಲ್ಲ. ಚೆಲ್ಲಿದೆ, ಮರಳಿನಲ್ಲಿ ಕೈ ಉಜ್ಜಿ ಮತ್ತೆ ಹಿಡಿದೆ. ವಾಸನೆ ಹೋಗಿರಲಿಲ್ಲ. ಎಣ್ಣೆ ಮುಟ್ಟದ ಕೈಯಲ್ಲಿ ಇಲ್ಲಿಗೆ ಬರುತ್ತಿದ್ದವರು ಇನ್ನಿಲ್ಲ.

“ತಡೀಪಾ,” ಎಂದೆ.

ಬೆನ್ನ ಹಿಂದೆ ಎಮ್ಮೆಗಳು ಕಾಲು ಬದಲಿಸುತ್ತ ನಿಂತಿದ್ದವು…