ಅಡ್ಡ ಬಂದ ನಾಯಿ

ನಮ್ಮ ಕಡೆ ಯಾರಾದರೂ ಬೈಕಿನಿಂದ ಬಿದ್ದರೆ, ಓಡಿ ಬಂದವರು ಮೊದಲು ಕೇಳುವುದು ಪೆಟ್ಟು ಎಲ್ಲಿಗಾಯಿತು ಎಂದಲ್ಲ, ಎಷ್ಟು ಸ್ಪೀಡಿನಲ್ಲಿದ್ದೆ ಎಂದು. ಬಿದ್ದವನ ಬಾಯಲ್ಲಿ ಇನ್ನೂ ಮಣ್ಣಿರುತ್ತದೆ, ಅಷ್ಟರಲ್ಲಿ ವಿಚಾರಣೆ ಮುಗಿದು ತೀರ್ಪೂ ಹೊರಬಿದ್ದಿರುತ್ತದೆ. ರಸ್ತೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ತಣ್ಣಗೆ ಬಿದ್ದುಕೊಂಡಿರುತ್ತದೆ.

ನನ್ನ ತಮ್ಮ ಸರ್ಕಾರಿ ಬಸ್ಸಿನ ಡ್ರೈವರ್. ಆಗ ಅವನ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಡ್ರೈವರನ ಮೇಲೆ ಅಜಾಗರೂಕತೆಯ ಕೇಸು ಬಿದ್ದರೆ, ಅದು ಸ್ವಂತ ಬೈಕಿನದ್ದಾದರೂ, ಸ್ಟೇರಿಂಗ್ ಕೈಬಿಟ್ಟಂತೆಯೇ ಲೆಕ್ಕ. ಇದು ಮನೆಯವರಿಗೆಲ್ಲ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಆ ದಿನ ಸುರಪುರದಲ್ಲಿ ಚಿಕ್ಕಮ್ಮನ ಮಗಳ ಕುಬಸ. ತಮ್ಮ ರಜೆ ಹಾಕಿ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಶಹಾಪುರದಿಂದ ಹೊರಟಿದ್ದ. ಬಸುರಿಗೆಂದು ಅವ್ವ ನಸುಕಿನಲ್ಲೇ ಎದ್ದು ಮಾಡಿದ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಎಲ್ಲ ಬುತ್ತಿಗಂಟಾಗಿ ಅವಳ ತೊಡೆಯ ಮೇಲಿತ್ತು. ಹಿಂದಿನ ದಿನ ಮಳೆಯಾಗಿತ್ತು. ಒಳದಾರಿಯಲ್ಲಿ ಕಾಲುವೆಯ ಸೇತುವೆ ದಾಟಿದ ಮೇಲೆ ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂತು. ರಸ್ತೆಯೆಲ್ಲ ಅದಕ್ಕೇ ಬೇಕಾಯಿತು. ತಮ್ಮ ನಿಧಾನ ಮಾಡಿ ಎಡಕ್ಕೆ ಸರಿದ. ಎಡಕ್ಕೆ ನೀರು ನಿಂತಿತ್ತು. ಅಂಗೈಯಷ್ಟು ಆಳ ಎಂದುಕೊಂಡದ್ದು ಮೊಣಕಾಲಿನಷ್ಟಿತ್ತು. ಮುಂದಿನ ಗಾಲಿ ಒಳಗೆ ಹೋಯಿತು, ಅವ್ವ ಹೊರಗೆ ಬಿದ್ದಳು. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಅದರ ಹಾಡೂ ನಿಲ್ಲಲಿಲ್ಲ.

ಸುದ್ದಿ ಬಂದಾಗ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಯಾದಗಿರಿಯ ದವಾಖಾನೆ ಮುಟ್ಟುವಷ್ಟರಲ್ಲಿ ಅವ್ವನ ಸೊಂಟದ ಎಲುಬು ಮುರಿದಿದೆ ಎಂದು ತಿಳಿದಿತ್ತು. ತಮ್ಮ ಅಂಗಿಯ ತುಂಬ ಕೆಸರು ಮೆತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕಂಡೊಡನೆ, "ಅಕ್ಕ, ನಾ ಜೋರು ಹೊಡದಿಲ್ಲ," ಅಂದ. ನಾನು ಕೇಳಿರಲೇ ಇಲ್ಲ. ಆಗಲೇ ಎಷ್ಟು ಮಂದಿ ಕೇಳಿದ್ದರೋ.

ಆಮೇಲೆ ನೋಡಲು ಬರುವವರು ಶುರುವಾದರು. ಕೈಯಲ್ಲಿ ಬಾಳೆಹಣ್ಣು, ಬಾಯಲ್ಲಿ ತಪ್ಪಿನ ಪಟ್ಟಿ. ಅಮಾವಾಸ್ಯೆಯ ಮರುದಿನ ಯಾಕೆ ಹೊರಟಿರಿ ಎಂದರು ಒಬ್ಬರು. ಹೊಸ ಬೈಕನ್ನು ಅಬ್ಬೆತುಮಕೂರಿನ ಮಠಕ್ಕೆ ಒಯ್ದು ಕಾಯಿ ಒಡೆಸದೆ ಓಡಿಸಿದ್ದೇ ಇದಕ್ಕೆಲ್ಲ ಮೂಲ ಎಂದು ಇನ್ನೊಬ್ಬರು ಕಂಡುಹಿಡಿದರು. ಹೆಂಗಸರು ಅಡ್ಡ ಕೂರುವುದೇ ತಪ್ಪು ಎಂದು ದೂರದ ಮಾವನೊಬ್ಬ ಹೇಳಿದ. ಅವನ ಹೆಂಡತಿ ಅಡ್ಡ ಕೂತೇ ಬಂದಿದ್ದಳು. ಹೆಲ್ಮೆಟ್ ಹಾಕಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ ಎಂದವರಿಗೆ, ಸೊಂಟಕ್ಕೆ ಹಾಕುವ ಹೆಲ್ಮೆಟ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಬೇಕೆನಿಸಿ ಸುಮ್ಮನಾದೆ. ಅಷ್ಟು ಜನರಲ್ಲಿ ಒಬ್ಬರಾದರೂ ಗುಂಡಿಯ ಮಾತೆತ್ತಲಿಲ್ಲ. ಅವರೆಲ್ಲ ಅದೇ ಗುಂಡಿಯನ್ನು ದಿನಾ ಸುತ್ತಿ ಬಳಸಿ ಹೋಗುವವರೇ. ಅದು ಅವರಿಗೆ ಬೇವಿನ ಗಿಡದಂತೆ, ಊರಿನ ಗುರುತಾಗಿಬಿಟ್ಟಿತ್ತು.

ಅಪಘಾತವೆಂದ ಮೇಲೆ ದವಾಖಾನೆಯಿಂದ ಠಾಣೆಗೆ ಸುದ್ದಿ ಹೋಗುತ್ತದೆ. ಸಂಜೆ ಹವಾಲ್ದಾರರು ಬಂದರು. ಕೆಟ್ಟ ಮನುಷ್ಯನಲ್ಲ. ಅವ್ವನ ಕಾಲಬುಡದಲ್ಲಿ ಸ್ಟೂಲು ಎಳೆದುಕೊಂಡು ಕೂತು, ನೀರು ಕುಡಿದು, ಎಲ್ಲ ಕೇಳಿಸಿಕೊಂಡರು. ನಾನು ಮತ್ತೆ ಮತ್ತೆ ಗುಂಡಿ ಗುಂಡಿ ಎನ್ನುವುದನ್ನು ಕೇಳಿ ಪೆನ್ನು ಕೆಳಗಿಟ್ಟರು.

"ಟೀಚರ್, ನಿಮ್ಮ ಒಳ್ಳೇದಕ್ಕ ಹೇಳ್ತೀನ್ರಿ. ಗುಂಡಿ ಅಂತ ಬರದ್ರ ಕೇಸು ನಿಮ್ಮ ತಮ್ಮನ ಮ್ಯಾಲೇ ಬರ್ತದ. ಗುಂಡಿ ಇತ್ತಂದ್ರ ನೋಡಿ ಹೊಡಿಬೇಕಿತ್ತಿಲ್ರಿ?"

"ಗುಂಡಿ ಬಿಟ್ಟವರ ಮ್ಯಾಲೆ ಯಾಕ ಬರಂಗಿಲ್ರಿ?"

"ಅವರು ಯಾರಂತ ಯಾರಿಗೆ ಗೊತ್ತದ್ರಿ," ಎಂದು ಅವರು ನಿಜವಾಗಿಯೂ ಮರುಗಿದರು. "ನಾಯಿ ಅಡ್ಡ ಬಂತು ಅನ್ರಿ. ಎಲ್ಲಾರೂ ಹಂಗೇ ಬರಸ್ತಾರ. ಯಾರದೂ ತಪ್ಪಿಲ್ಲ, ಯಾರಿಗೂ ತ್ರಾಸಿಲ್ಲ."

ಆ ನಾಯಿಯ ವಿಷಯ ನನಗೆ ಗೊತ್ತಾದದ್ದು ಅವತ್ತೇ. ಶಹಾಪುರದಲ್ಲಿ ಬಿದ್ದವರಿಗೂ ಅಡ್ಡ ಬಂದಿರುವುದು ಅದೇ, ಸೈದಾಪುರದ ಕಡೆ ಫ್ಯಾಕ್ಟರಿಗೆ ಹೋಗುವಾಗ ಬಿದ್ದವರಿಗೂ ಅಡ್ಡ ಬಂದಿರುವುದು ಅದೇ. ಡಾಂಬರು ಕಿತ್ತುಹೋದಲ್ಲೆಲ್ಲ ಆ ಪ್ರಾಣಿ ತಪ್ಪದೆ ಹಾಜರಾಗುತ್ತದೆ. ಅದಕ್ಕೆ ಪೆಟ್ಟಾಗುವುದಿಲ್ಲ, ಅದು ಸಾಕ್ಷಿ ಹೇಳುವುದಿಲ್ಲ, ಅದಕ್ಕೆ ಯಜಮಾನನಿಲ್ಲ. ನಮ್ಮ ಜಿಲ್ಲೆಯಲ್ಲಿ ಇಷ್ಟು ನಿಷ್ಠೆಯಿಂದ ಕೆಲಸಕ್ಕೆ ಬರುವ ಇನ್ನೊಂದು ಜೀವವನ್ನು ನಾನು ಕಂಡಿಲ್ಲ.

ನಾನು ಸಿಟ್ಟಿನಿಂದ ರಸ್ತೆಯ ಕಚೇರಿಗೂ ಹೋಗಿಬಂದೆ. ಮೊಬೈಲಿನಲ್ಲಿ ಗುಂಡಿಯ ಫೋಟೊ ತೋರಿಸಿದೆ. ಸಾಹೇಬರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಸೇತುವೆಯ ಈಚೆಗಿನದು ತಮ್ಮದು, ಆಚೆಗಿನದು ಬೇರೆಯವರದು ಎಂದರು. ಬೇರೆಯವರ ಕಚೇರಿಯಲ್ಲಿ ಆಚೆಗಿನದು ಇವರದಾಗಿತ್ತು. ಅಂತೂ ನಮ್ಮವ್ವ ಯಾರ ರಸ್ತೆಯೂ ಅಲ್ಲದ ರಸ್ತೆಯ ಮೇಲೆ ಬಿದ್ದಿದ್ದಳು.

ಎರಡು ದಿನ ಬಿಟ್ಟು ಹವಾಲ್ದಾರರು ಬರೆದುಕೊಂಡು ಬಂದು ಅವ್ವನಿಗೆ ಓದಿ ಹೇಳಿದರು. ನಾಯಿ ಬಂದ ಕಡೆ ಅವ್ವ ಕೈ ಎತ್ತಿ ತಡೆದಳು.

"ನಾಯಿ ಎಲ್ಲಿತ್ತಪ್ಪ? ಗುಂಡಿ ಇತ್ತು. ಎಮ್ಮಿ ಮಲಗುವಷ್ಟಿತ್ತು."

ಹವಾಲ್ದಾರರು ಮೆಲ್ಲಗೆ ನರ್ಸಿನ ಕಡೆ ತಿರುಗಿ, "ಅಮ್ಮಗ ತಲಿಗೂ ಪೆಟ್ಟಾಗೇದೇನ್ರಿ?" ಎಂದರು.

ತಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವ್ವ ಅವನ ಬೆನ್ನನ್ನೇ ಬಹಳ ಹೊತ್ತು ನೋಡಿದಳು.

"ನಾಯಿ ಅಂದ್ರ ಇವನ ನೌಕರಿ ಉಳಿತದೇನು?"

"ಉಳಿತದವ್ವ," ಎಂದರು ಹವಾಲ್ದಾರರು.

"ಹಂಗಾದ್ರ ನಾಯೀನೇ ಇರ್ಲಿ," ಎಂದು ಹೆಬ್ಬೆಟ್ಟು ಮುಂದೆ ಮಾಡಿದಳು. ಶಾಯಿ ಒರೆಸಲು ನಾನು ಬಟ್ಟೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಳು ಬಂತು.

ಅವಳು ಕೋಲು ಹಿಡಿದು ನಡೆಯುವಂತಾದಾಗ ಕುಬಸದ ಬಸುರಿಗೆ ಮಗುವಾಗಿ, ಅದರ ಮೊದಲ ಕೂದಲು ತೆಗೆಸುವ ಜಾವಳವೂ ಬಂತು. ಅಷ್ಟರಲ್ಲಿ ತಮ್ಮನ ನೌಕರಿ ಪಕ್ಕಾ ಆಗಿ, ಅದೇ ಒಳದಾರಿಯ ಬಸ್ಸು ಅವನ ಪಾಲಿಗೆ ಬಂದಿತ್ತು. ನಡುವೆ ದೊಡ್ಡವರು ಯಾರೋ ಆ ದಾರಿಯಲ್ಲಿ ಬರುತ್ತಾರೆಂದು ಗುಂಡಿಗೆ ಕೆಂಪು ಮಣ್ಣು ಸುರಿದಿದ್ದರಂತೆ. ದೊಡ್ಡವರು ಹೋದರು, ಒಂದೇ ಮಳೆಗೆ ಮಣ್ಣೂ ಹೋಯಿತು. ಅವ್ವ ಬೈಕು ಒಲ್ಲೆನೆಂದು ಮಗನ ಬಸ್ಸಿನಲ್ಲೇ ಹೊರಟಳು. ಮುಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ನಾನು, ಕಾಲ ಬಳಿ ಮತ್ತೆ ಬುತ್ತಿಗಂಟು.

ಸೇತುವೆ ದಾಟಿತು. ತಮ್ಮ ಬಸ್ಸನ್ನು ನಡೆಯುವ ವೇಗಕ್ಕೆ ಇಳಿಸಿದ. ಆದರೂ ಗುಂಡಿ ಆಗ ರಸ್ತೆಯ ಅಗಲಕ್ಕೂ ಬೆಳೆದಿತ್ತು. ಬಸ್ಸು ಒಳಗೆ ಇಳಿದು, ನರಳಿ, ಮೇಲೆ ಎದ್ದಿತು. ಅವ್ವ ಸೊಂಟ ಹಿಡಿದುಕೊಂಡಳು. ಹಿಂದಿನಿಂದ ಒಬ್ಬ ಕೂಗಿದ: "ಏ ಡ್ರೈವರ್, ಕಣ್ಣು ಮನ್ಯಾಗ ಇಟ್ಟು ಬಂದಿಯೇನು?"

ಅವ್ವ ನಿಧಾನವಾಗಿ ಹಿಂದಕ್ಕೆ ತಿರುಗಿದಳು.

"ಅವಗ ಬೈಬ್ಯಾಡಪ್ಪ," ಅಂದಳು. "ನಾಯಿ ಅಡ್ಡ ಬಂತು."

ಕಿಟಕಿ ಪಕ್ಕದವರು ತಲೆ ಹೊರಗೆ ಹಾಕಿ ನಾಯಿಯನ್ನು ಹುಡುಕಿದರು. ಹಿಂದೆ ಯಾರೋ ಹೌದು ಹೌದು ಎಂದರು. ಕರಿ ನಾಯಿಯಂತೆ, ಅವರು ಕಣ್ಣಾರೆ ಕಂಡರಂತೆ. ತಮ್ಮ ಗೇರ್ ಬದಲಿಸಿದ. ಸುರಪುರ ಬರುವವರೆಗೂ ಅವನು ಒಮ್ಮೆಯೂ ಕನ್ನಡಿಯಲ್ಲಿ ಅವ್ವನ ಮುಖ ನೋಡಲಿಲ್ಲ.