ಮಗ್ಗದ ಕುಣಿಗಿಳಿದ ವಕೀಲರು

ಇಳಕಲ್ಲಿನ ಆ ವಕೀಲರು ಬಡವರಿಂದ ಹಣ ಮುಟ್ಟುತ್ತಿರಲಿಲ್ಲ. ಯಾರು ಕಣ್ಣೀರು ತಂದರೂ, "ಮೊದಲ ಕೂಡ್ರಿ, ಆಮ್ಯಾಲೆ ಅಳ್ರಿ" ಎನ್ನುತ್ತಿದ್ದರು. ನೇಕಾರನಾದ ನನ್ನ ಅಪ್ಪನ ದಿವಾಳಿ ಅರ್ಜಿಯನ್ನು ಅವರೇ ಬರೆದಿದ್ದರು.

ಎಪ್ಪತ್ತರ ದಶಕದ ಒಂದು ಬೆಳಿಗ್ಗೆ ಕೋರ್ಟಿನ ಅಮೀನ ನಮ್ಮ ಮಗ್ಗವನ್ನು ಜಪ್ತಿ ಮಾಡಲು ಬಂದ. ಸುದ್ದಿ ಕೇಳಿ ಬಂದ ವಕೀಲರು ಕೋಟನ್ನೂ ಕಳಚದೆ, ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗಿಳಿದು ಕುಳಿತರು.

"ದುಡಿದು ಉಣ್ಣೂ ಸಾಮಾನಿಗೆ ಜಪ್ತಿ ಇಲ್ಲಂತ ಕಾಯ್ದೆ ಐತ್ರಿ," ಎಂದು ಮೆತ್ತಗೆ ಹೇಳಿದರು.

ಬೆಳಕಿಂಡಿಯ ಬಿಸಿಲಲ್ಲಿ ರೇಷ್ಮೆಯ ಎಳೆಗಳು ನೀರಿನಂತೆ ಮಿನುಗುತ್ತಿದ್ದವು. ನಾವೆಲ್ಲ ಕನಸಿನೊಳಗೆ ನಿಂತಂತಿದ್ದೆವು. ಅಮೀನ ಬರಿಗೈಯಲ್ಲಿ ಹೋದ.

ವಕೀಲರು ಏಳಲಿಲ್ಲ. "ಒಂದ್ ಸಲ ನಾನೂ ಲಾಳಿ ಒಗೀಲೇನ್ರಿ?" ಎಂದು ಲಾಳಿಯನ್ನು ಕೈಗೆತ್ತಿಕೊಂಡು ಅಪ್ಪನನ್ನು ಕೇಳಿದರು.

ಅವರ ಲಾಳಿ ಬಿಟ್ಟ ಎಳೆ ಸಡಿಲಾಗಿತ್ತು. ಅಪ್ಪ ಅದನ್ನು ಬಿಚ್ಚಲಿಲ್ಲ. ಕಣ್ಣೊರೆಸಿಕೊಂಡು ಅದರ ಮೇಲೆಯೇ ಮುಂದೆ ನೇಯ್ದ.