ತೋಳಿನ ಮೇಲಿನ ಎರಡು ಗುಳ್ಳೆ

ಮದುವೆಯಾದ ಮರುವರ್ಷ, ಘಾಟ್ಕೋಪರಿನ ಚಾಳಿನ ಒಂದೇ ಖೋಲಿಯ ಮನೆಯಲ್ಲಿ ನನಗೆ ಸೀತಾಳ ಸಿಡುಬು ಬಂತು. ಧಾರವಾಡದ ನಮ್ಮತ್ತೆಗೆ ಸಿಡುಬು ಸಣ್ಣದಿರಲಿ ದೊಡ್ಡದಿರಲಿ, ಮೈಮೇಲೆ ಬರುವವಳು ದೇವಿ, ತಾಯಿಯೇ. ಬಾಗಿಲಿಗೆ ಬೇವು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು. ವಾಸಿಯಾದ ಮೇಲೆ ತಲೆಗೆ ನೀರು ಹಾಕಿ, ಮೊಸರನ್ನದ ಎಡೆ ಇಟ್ಟು ತಾಯಿಯನ್ನು ಕಳಿಸಿಕೊಟ್ಟರು.

ತಿಂಗಳು ಕಳೆದಿರಲಿಲ್ಲ, ನಮ್ಮ ಹಿಂಬದಿಯ ಚಾಳಿನಲ್ಲಿ ದೊಡ್ಡ ಸಿಡುಬೇ ಕಾಣಿಸಿತು. ಲಸಿಕೆ ಹಾಕುವ ಹೆಂಗಸು ಮನೆಮನೆಗೆ ಬಂದಳು. ಅತ್ತೆ ಬಾಗಿಲಲ್ಲೇ ತಡೆದು, ತಮ್ಮ ಹರಕು ಮರಾಠಿಯಲ್ಲಿ, ಇವಳಿಗೆ ತಾಯಿ ಬಂದು ಹೋಗಿದ್ದಾಳೆ ಎಂದರು. "ಅದು ಬೇರೆ, ಇದು ಬೇರೆ. ನಾಳೆ ಸಂಜೆವರೆಗೆ ದವಾಖಾನೆಯಲ್ಲಿರುತ್ತೇವೆ" ಎಂದು ಅವಳು ಮುಂದಿನ ಖೋಲಿಗೆ ಹೋದಳು.

"ಹ್ವಾದ ತಾಯೀನ ಸೂಜಿ ಹಾಕಿ ಕೆಣಕಬ್ಯಾಡವಾ" ಎಂದರು ಅತ್ತೆ. ಅವರ ಹಿರಿಮಗ ಸಿಡುಬಿನಲ್ಲೇ ತೀರಿಕೊಂಡಿದ್ದ. ಹರಕೆ ತಪ್ಪಿದ್ದಕ್ಕೇ ಹಾಗಾಯಿತೆಂದು ನಂಬಿದವರೊಡನೆ ಏನು ವಾದಿಸುವುದು? ಆದರೆ ನನ್ನಕ್ಕನ ಒಂದು ಕಣ್ಣು ತಿಂದದ್ದೂ ಅದೇ ಸಿಡುಬು. ಚಿಕ್ಕಂದಿನಲ್ಲಿ ಲಸಿಕೆಯವರು ಊರಿಗೆ ಬಂದಾಗ ನಾನು ಕಣಜದ ಹಿಂದೆ ಅಡಗಿ ಪಾರಾಗಿದ್ದೆ, ಅದನ್ನೇ ದೊಡ್ಡ ಶೌರ್ಯವೆಂದು ವರ್ಷಗಟ್ಟಲೆ ಹೇಳಿಕೊಂಡಿದ್ದೆ, ಹುಚ್ಚಿ!

ಇವರನ್ನು ಕೇಳಿದೆ. "ಅವ್ವ ಹೇಳಿದಂಗ ಮಾಡು" ಎಂದು ಕೆಲಸಕ್ಕೆ ಫೋರ್ಟಿಗೆ ಹೋಗುವ ಲೋಕಲ್ ರೈಲು ಹಿಡಿದರು. ಗೋಡೆಯನ್ನು ಕೇಳಿದ್ದರೂ ಆಗುತ್ತಿತ್ತು. ಆ ದಿನ ಅನ್ನ ಸೀದುಹೋಯಿತು. ನಲ್ಲಿಗೆ ಹೋದವಳು ಖಾಲಿ ಕೊಡ ಹೊತ್ತು ಬಂದೆ. ಕನ್ನಡಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿಕೊಂಡೆ.

ಮರುದಿನ ಕೊತ್ತಂಬರಿ ತರುತ್ತೇನೆಂದು ಹೋಗಿ ಚುಚ್ಚಿಸಿಕೊಂಡು ಬಂದೆ. ಗಾಬರಿಯಲ್ಲಿ ಕೊತ್ತಂಬರಿ ತರುವುದೇ ಮರೆತುಹೋಯಿತು.

ನಾಲ್ಕೈದು ದಿನಕ್ಕೆ ತೋಳಿನಲ್ಲಿ ಎರಡು ಗುಳ್ಳೆ ಎದ್ದವು. ಸೆರಗು ಎಳೆದುಕೊಂಡಷ್ಟೂ ಅತ್ತೆಯ ಕಣ್ಣು ಅಲ್ಲಿಗೇ. ಏನೂ ಕೇಳದೆ ಬಾಗಿಲಿಗೆ ಮತ್ತೆ ಬೇವು ಕಟ್ಟಿದರು, ಒಗ್ಗರಣೆ ನಿಂತಿತು. ಸುಳ್ಳು ಹೇಳಿ ದೇವರ ಉಪಚಾರ ಮಾಡಿಸಿಕೊಳ್ಳುತ್ತಿದ್ದೇನೆ ಎನಿಸಿ ಆ ಸಪ್ಪೆ ಸಾರನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಮೂರನೆಯ ದಿನ ತಡೆಯದೆ, "ಅತ್ತಿ, ಇದು ತಾಯಿ ಅಲ್ಲ, ಸೂಜಿ" ಎಂದು ಅತ್ತುಬಿಟ್ಟೆ.

"ಗೊತ್ತೈತಿ. ಎರಡ ಗುಳ್ಳಿ ಇಟ್ಟು ಯಾವ ತಾಯಿ ಹೋಗ್ಯಾಳ?"

"ಮತ್ತ ಈ ಬೇವು?"

ಅತ್ತೆ ದನಿ ತಗ್ಗಿಸಿದರು. "ಸೂಜಿ ಸುದ್ದಿ ಆ ತಾಯಿಗೆ ಗೊತ್ತಾಗಬಾರದಂತ ಕಟ್ಟೀನಿ. ಒಬ್ಬ ಮಗನ್ನ ಕೊಟ್ಟೀನಿ, ನಿನ್ನೂ ಕೊಡ್ಲೇನು? ಸುಮ್ನ ಉಣ್ಣು."